ಕವರಿಗೆ ಬೇಕಾದ ನರೆ

ಜಯನಗರದ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಡಿಸೈನರ್ ಹುಡುಗ ಏನನ್ನು ಕಂಡರೂ ಒಂದು ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ ಮಣ್ಣಿನ ವಾಸನೆ ಬೇಕು ಆಂಟಿ," ಎನ್ನುತ್ತಿದ್ದ. ಪೂರ್ ಡಾರ್ಲಿಂಗ್, ಚಪ್ಪಲಿಯಿಲ್ಲದೆ ನನ್ನ ಗುಲಾಬಿ ಪಾತಿಗೂ ಇಳಿದವನಲ್ಲ.

ಒಮ್ಮೆ ಜಾನಪದ ಗಾಯಕರೊಬ್ಬರ ಮೊದಲ ಆಲ್ಬಮ್ಮಿನ ಕವರು, ಪೋಸ್ಟರು ಎರಡೂ ಇವನ ಪಾಲಿಗೆ ಬಂದವು. ಫೋಟೋ ತೆಗೆಸಲು ಅವರು ಪುಟ್ಟೇನಹಳ್ಳಿಯಿಂದ ತಲೆಗೆ ಡೈ ಹಾಕಿಸಿಕೊಂಡು, ಇಸ್ತ್ರಿ ಶರ್ಟು ತೊಟ್ಟು, ವೆರಿ ಸ್ಮಾರ್ಟಾಗಿ ಬಂದಿದ್ದರು. ಇವನು ಕಂಪ್ಯೂಟರಿನಲ್ಲೇ ಅವರ ಕೂದಲು ನರೆಸಿ, ಮುಖ ಸುಕ್ಕಾಗಿಸಿ, ಹೆಗಲಿಗೆ ಕಂಬಳಿ ಹೊದಿಸಿದ.

ನಮ್ಮ ವರಾಂಡದಲ್ಲಿ ಪೋಸ್ಟರ್ ಬಿಚ್ಚಿದಾಗ ಗಾಯಕರ ಕಣ್ಣು ತುಂಬಿತು.

"ಅಯ್ಯೋ, ನಮ್ಮಪ್ಪ! ಅವರದ್ದೊಂದು ಫೋಟೋನೂ ಇರ್ಲಿಲ್ಲ ಸಾರ್. ಫ್ರೇಮ್ ಹಾಕಿಸ್ತೀನಿ," ಎಂದರು. ಆಮೇಲೆ ಕಪ್ಪು ಕ್ರಾಪು ಸವರಿಕೊಳ್ಳುತ್ತ ಕೇಳಿದರು, "ನಂದು ಯಾವಾಗ ಮಾಡ್ತೀರ?"

ನಮ್ಮ ಹುಡುಗ ಎರಡೂ ಕಣ್ಣು ಬಿಟ್ಟು ಅವರನ್ನು ನೋಡಿದ್ದು ಅದೇ ಮೊದಲು.