ಓದಬಾರದ ವರದಿ

ಗೆಳೆಯರೇ, ಇವತ್ತು ಬೆಳಿಗ್ಗೆಯಿಂದ ಮೈ ಉರಿಯುತ್ತಿದೆ. ಯಮುನೆಯ ದಂಡೆಯ ಕಾಲೊನಿಗಳ ಹ್ಯಾಂಡ್‌ಪಂಪ್ ನೀರನ್ನು ನಮ್ಮ ಸಂಸ್ಥೆಯೂ ಒಂದು ಸರ್ಕಾರಿ ಕಚೇರಿಯೂ ಸೇರಿ ಪರೀಕ್ಷಿಸುತ್ತಿವೆ. ಒಬ್ಬರಿಗೆ ತಿಳಿದದ್ದು ಕೂಡಲೇ ಇನ್ನೊಬ್ಬರಿಗೂ ತಿಳಿಯಲಿ ಎಂದೇ ಇಬ್ಬರೂ ಬಳಸುವ ಪೋರ್ಟಲ್ ಮಾಡಿಸಿದ್ದೇವೆ.

ಇಂದು ಅದರಲ್ಲಿ ಸರ್ಕಾರಿ ಕಚೇರಿಯವರ ವರದಿ ಬಂತು: ‘ಕುಡಿಯಲು ಯೋಗ್ಯವಲ್ಲದ ಪಂಪುಗಳು’. ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ಆ ಕಚೇರಿಯ ಅಧಿಕಾರಿ ರಾಯರು ನಮ್ಮ ಮೈಸೂರಿನವರೇ. ಫೋನ್ ಮಾಡಿದೆ.

“ಪಾಸ್‌ವರ್ಡ್ ಬೇಕಂದ್ರೆ ನಿಮ್ಮ ಡೈರೆಕ್ಟರು ನಮ್ಮ ಡೈರೆಕ್ಟರಿಗೆ ಬರೀಬೇಕಮ್ಮ.”

“ಲಾಕ್ ಯಾಕೆ ಹಾಕಿದ್ರಿ ಸಾರ್?”

“ಹಾಕದಿದ್ರೆ ಯಾರು ಬೇಕಾದ್ರೂ ಓದಿಬಿಡ್ತಾರಲ್ಲ.”

“ಓದ್ಲಿ ಅಂತಾನೇ ಅಲ್ವಾ ಸಾರ್ ಪೋರ್ಟಲ್ ಮಾಡಿರೋದು? ಯಾವ ಪಂಪು ಅಂತ ಬಾಯಲ್ಲಾದ್ರೂ ಹೇಳಿ. ಯಾರೂ ಕುಡೀದಿರ್ಲಿ ಅಂತ ಇವತ್ತೇ ಅದಕ್ಕೆ ಕೆಂಪು ಬಣ್ಣ ಬಳಿಸ್ತೀವಿ.”

“ಬಾಯಲ್ಲಿ ಹೇಳಕ್ಕೆ ನನಗೆ ಅಧಿಕಾರ ಇಲ್ಲ. ನಮ್ಮ ಕಡೆಯಿಂದ ಶೇರ್ ಮಾಡಿ ಆಯ್ತು. ಅಚ್ಛಾ, ಮೀಟಿಂಗ್ ಇದೆ,” ಎಂದು ಫೋನಿಟ್ಟರು.

ನಿಜವೇ. ಪೋರ್ಟಲ್‌ನಲ್ಲಿ ಆ ವರದಿಯ ಪಕ್ಕ ‘ಹಂಚಲಾಗಿದೆ’ ಎಂದು ಹಸಿರು ಗುರುತು ಬಿದ್ದಿದೆ. ಬೀಗ ಇರುವುದು ವರದಿಗೆ ಮಾತ್ರ. ಆ ಪಂಪುಗಳ ನೀರನ್ನು ಯಾರು ಬೇಕಾದರೂ ಕುಡಿಯಬಹುದು.