ಚೂಗೆ ಬಿಟ್ಟುಕೊಟ್ಟ ರಥ

ಚೂ ಬಾವ್‌ಲಿನ್‌ನಂಥ ಬಾಯಿಬಡುಕ ಇಡೀ ಬೀಜಿಂಗಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿ, ನಿವೃತ್ತನಾದ ಮಾರನೆಯ ದಿನವೇ ತಿಯಾನ್‌ತಾನ್ ಗುಡಿಯ ಉದ್ಯಾನಕ್ಕೆ ಬಂದು, ಉದ್ದನೆಯ ಮೊಗಸಾಲೆಯಲ್ಲಿ ನನ್ನೆದುರು ರಥ, ಫಿರಂಗಿಗಳ ಚೀನೀ ಚದುರಂಗದ ಹಾಸು ಬಿಚ್ಚಿದ. ಅದಾಗಿ ಹದಿನಾಲ್ಕು ವರ್ಷ. ಚಕ್ರವರ್ತಿಗಳು ಒಳ್ಳೆಯ ಬೆಳೆಗಾಗಿ ಪೂಜೆ ಸಲ್ಲಿಸಿದ ಜಾಗ ಅದು; ನಾವು ಅಲ್ಲಿ ಕೂತು ಒಬ್ಬರನ್ನೊಬ್ಬರು ಬೈದುಕೊಂಡಿದ್ದೇ ಹೆಚ್ಚು. ಇಟ್ಟ ಕಾಯಿಯನ್ನು ಹಿಂದಕ್ಕೆ ತೆಗೆಯಲು ಅವನೂ ಬಿಟ್ಟವನಲ್ಲ, ನಾನೂ ಬಿಟ್ಟವನಲ್ಲ. ಅವನ ಹೆಂಡತಿ ಸತ್ತ ವಾರವೂ ನಾನು ಬಿಟ್ಟಿರಲಿಲ್ಲ.

ಹೋದ ಭಾನುವಾರ ಅವನ ಮಗಳು ಯಾನ್‌ಪಿಂಗ್ ನಮ್ಮ ಮನೆಗೆ ಬಂದಳು. ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತಳು.

"ಫಾನ್ ಚಿಕ್ಕಪ್ಪ, ಅಪ್ಪಂಗೆ ಲಿವರ್ ಕ್ಯಾನ್ಸರ್. ಬರೋ ಹೊಸ ವರ್ಷದ ವಸಂತದ ಹಬ್ಬ ದಾಟೋದು ಕಷ್ಟ ಅಂದ್ರು ಡಾಕ್ಟ್ರು. ಬರೀ ಹೊಟ್ಟೆಹುಣ್ಣು ಅಂತ ಹೇಳಿದೀನಿ. ನಿಜ ಗೊತ್ತಾದ್ರೆ ಎದೆ ಒಡ್ಕೊಂಡು ನಾಳೇನೇ ಹಾಸಿಗೆ ಹಿಡೀತಾರೆ. ನಿಮ್ ದಮ್ಮಯ್ಯ, ಬಾಯಿ ಬಿಡ್ಬೇಡಿ."

ಹಿರಿಯರಿಗೆ ಇಂಥ ಸುದ್ದಿ ಮುಟ್ಟದ ಹಾಗೆ ಕಾಯುವುದೇ ನಮ್ಮಲ್ಲಿ ಮಕ್ಕಳ ಧರ್ಮ. ಆಗಲಿ ಅಂದೆ.

ಸೋಮವಾರ ಹೋದರೆ ಮೊಗಸಾಲೆಯವರಿಗೂ ಅವಳು ಹೇಳಿಟ್ಟಿದ್ದಳು. ಬಿಸಿಲು ಬೀಳುವ ಮೂಲೆಗಾಗಿ ದಿನಾ ಅವನ ಜೊತೆ ಜಗಳವಾಡುತ್ತಿದ್ದ ಹಾಡುಗಾರ್ತಿಯರು ತಾವಾಗಿ ಎದ್ದು ಜಾಗ ಬಿಟ್ಟರು. ಹೆಣಿಗೆ ಹಾಕುವ ಲುವಾನ್ ಅಕ್ಕ ತನ್ನ ಡಬ್ಬಿಯ ಕಡುಬು ಅವನ ಮುಂದಿಟ್ಟಳು. ಹೋದ ವಾರ ತಾನೇ ಅವನನ್ನು ಮುದಿಗೂಬೆ ಅಂದಿದ್ದಳು! ಒಬ್ಬರೂ ಅವನ ಮುಖ ನೋಡುತ್ತಿರಲಿಲ್ಲ. ಅಯ್ಯೋ, ಇವರೆಲ್ಲ ಸೇರಿ ಕೆಡಿಸುತ್ತಾರಲ್ಲಪ್ಪಾ ಅಂತ ನಾನು ಗಡಿಬಿಡಿಯಲ್ಲಿ ಕಾಯಿ ಜೋಡಿಸತೊಡಗಿದೆ.

"ಏನ್ರೋ, ಇವತ್ತು ನಂಗೇನ್ ಮದ್ವೆನಾ?" ಅಂದು ಚೂ ನಕ್ಕ. ನಾವು ಅವನಿಗಿಂತ ಜೋರಾಗಿ ನಕ್ಕೆವು.

ಆಟ ಶುರುವಾಯಿತು. ಕೋಟಿನ ಕಾಲರಿನೊಳಗೆ ಅವನ ಕತ್ತು ಕಡ್ಡಿಯಾಗಿತ್ತು. ಕುದುರೆಯನ್ನು ಎತ್ತಿಟ್ಟ, ಅವನ ರಥ ನನ್ನ ಫಿರಂಗಿಯ ಬಾಯಿಗೆ ಬಿತ್ತು. ಬೇರೆ ದಿನವಾಗಿದ್ದರೆ ತೊಡೆ ತಟ್ಟಿ ಹೊಡೆಯುತ್ತಿದ್ದೆ. ಆ ಕತ್ತು ನೋಡಿ ಬಾಯಿ ಜಾರಿತು.

"ಲೋ, ನೋಡ್ಕೊಂಡ್ ಆಡೋ. ವಾಪಸ್ ತಗೋ."

ಚೂ ಕಾಯಿ ಮುಟ್ಟಲಿಲ್ಲ. ಕಡುಬು ನೋಡಿದ, ಹಾಡುಗಾರ್ತಿಯರನ್ನು ನೋಡಿದ, ಕೊನೆಗೆ ನನ್ನನ್ನು. ನನ್ನ ನಾಲಿಗೆಗೆ ಬೆಂಕಿ ಹಾಕ!

"ಎಷ್ಟ್ ದಿನ ಅಂದ್ರಂತೆ?" ಅಂತ ಮೆಲ್ಲಗೆ ಕೇಳಿದ.

"ಹಬ್ಬ..." ಅಂದೆ.

ಅವನು ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡ.

"ನಂಗ್ ಗೊತ್ತಾಯ್ತು ಅಂತ ಯಾನ್‌ಪಿಂಗ್‌ಗೆ ಹೇಳ್ಬೇಡ ಕಣೋ. ಪಾಪ, ಆ ಹುಡ್ಗಿ ತಡ್ಕೊಳಲ್ಲ."