ಅರಿಶಿನ ಹಚ್ಚಿದ ಅಭಿಮಾನಿ ಪತ್ರ

ಸಿನಿಮಾ ಕಂಪನಿಯಿಂದ ಬಂದ ಲಕೋಟೆ ಒಡೆದರೆ ಒಳಗಿದ್ದದ್ದು "ನೂತನ ವಧೂವರರಿಗೆ ಶುಭ ಹಾರೈಕೆಗಳು" ಎಂಬ ಕಾರ್ಡು. ಕೆಳಗೆ ನಾಯಕನಟನ ಸಹಿ ಬೇರೆ. ಮೆಣಸೆ ಊರಿನ ನಮ್ಮ ಮನೆಯಲ್ಲಿ ಆಗ ಇದ್ದದ್ದು ಮದುವೆಯಾಗದ ನಾನು ಮತ್ತು ಎಪ್ಪತ್ತು ದಾಟಿದ ದೊಡ್ಡಮ್ಮ.

ನಾನು ಕಂಪನಿಗೆ ಬರೆದದ್ದೇ ಬೇರೆ. ನಿಮ್ಮ ಹೊಸ ಸಿನಿಮಾವನ್ನು ಕೊಪ್ಪದ ಟಾಕೀಸಿಗೂ ಕಳಿಸಿ, ನಮ್ಮ ದೊಡ್ಡಮ್ಮನಿಗೆ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ, ಇಲ್ಲಿ ಜನ ಸೇರಿಸುವ ಜವಾಬ್ದಾರಿ ನನ್ನದು ಎಂದು ನಾಲ್ಕು ಪುಟ ಬೇಡಿಕೊಂಡಿದ್ದೆ.

"ಇದೆಂತ ದೊಡ್ಡಮ್ಮ?" ಎಂದೆ.

ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕೆಲಸ ಆಗ್ಲಿ ಅಂತ ನೀ ಕಳಿಸಿದ ಲಕೋಟೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೆ ಮಾರಾಯ್ತಿ" ಎಂದರು.

ಲಗ್ನಪತ್ರಿಕೆ ಎಂದುಕೊಂಡು ಕಂಪನಿಯವರು ಅದನ್ನು ಒಡೆಯದೆಯೇ, ಲಕೋಟೆಯ ಹಿಂಬದಿಯಲ್ಲಿದ್ದ ವಿಳಾಸಕ್ಕೆ ಹಾರೈಕೆ ಕಳಿಸಿರಬೇಕು. ಸಿನಿಮಾ ಕೊಪ್ಪಕ್ಕೆ ಬರಲೇ ಇಲ್ಲ.

ನಾಲ್ಕು ವರ್ಷದ ನಂತರ ನಿಜವಾಗಿಯೂ ನನ್ನ ಮದುವೆಯಾಯಿತು. ಮೊದಲ ಪತ್ರಿಕೆಗೆ ದೊಡ್ಡಮ್ಮನೇ ಅರಿಶಿನ ಹಚ್ಚಿ ಆ ಕಂಪನಿಗೆ ಕಳಿಸಿದರು. ಈ ಸಲ ಉತ್ತರವಿಲ್ಲ. ನನ್ನದು ಎರಡನೇ ಮದುವೆ ಎಂದುಕೊಂಡರೋ ಏನೋ, ಇವತ್ತಿಗೂ ಗೊತ್ತಾಗಿಲ್ಲ.